ವಾಪಸ್ ಬಾರದ ಕನ್ನಡಕಗಳು

ಅವಳಿಗೆ ಸಿಡುಕಿ ಎಂದು ಹೆಸರಿಟ್ಟವನು ಸೋದರಮಾವ. ಮನೆಯವರೆಲ್ಲ ಒಪ್ಪಿಕೊಂಡರು, ಕೊನೆಗೆ ಅವಳೂ ಒಪ್ಪಿಕೊಂಡಳು; ಒಪ್ಪದೆ ಇನ್ನೇನು, ಹೆಸರಿಟ್ಟ ಗಳಿಗೆಯಲ್ಲೇ ಮಾವನ ಕೈಲಿದ್ದ ಲೋಟ ಕಿತ್ತುಕೊಂಡು "ನಾನೇನು ಸಿಡುಕಿದೆ ಈಗ" ಎಂದು ಕೇಳಿದವಳು ಅವಳು. ಹಾಗೆ ನೋಡಿದರೆ ಕೆಳಗಿನ ಪಟ್ಟಣದಲ್ಲಿ ಸಿಡುಕದವರು ಯಾರಿದ್ದಾರೆ ಹೇಳಿ. ಅಲ್ಲಿ ದಾರಿ ಕೇಳಿದರೆ "ನಾನೇನು ಬೋರ್ಡಾ" ಅನ್ನುತ್ತಾರೆ. ಬಸ್ಸಿನಲ್ಲಿ ಕಾಲು ತುಳಿದವನೇ ತುಳಿಸಿಕೊಂಡವನಿಗೆ ಬೈಯುತ್ತಾನೆ. ಬಾಗಿಲು ತಟ್ಟಿದರೆ ಮೊದಲು ಬೈಗುಳ ಹೊರಗೆ ಬರುತ್ತದೆ, ಆಮೇಲೆ ಮನುಷ್ಯ ಬರುತ್ತಾನೆ. ಕೆಟ್ಟವರಲ್ಲ ಪಾಪ. ಪುರುಸೊತ್ತಿಲ್ಲ, ಅಷ್ಟೆ.

ಮಾವನಿಗೆ ಕನ್ನಡಕದ ಅಂಗಡಿಗಳಿದ್ದವು. ಸಿಡುಕಿ ಕಣ್ಣು ಪರೀಕ್ಷೆ ಕಲಿತದ್ದು ಅದರಲ್ಲೊಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಆ ಕೋಣೆಗೆ ಕಿಟಕಿ ಇರಲಿಲ್ಲ. ಗಿರಾಕಿಯ ಮೂಗಿನ ಮೇಲೆ ಖಾಲಿ ಫ್ರೇಮು ಕೂರಿಸಬೇಕು, ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಅದರೊಳಗೆ ಇಳಿಸಬೇಕು, ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿ "ಇದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ" ಎಂದು ಕೇಳಬೇಕು. ಕೆಳಗಿನ ಪಟ್ಟಣದಲ್ಲಿ ಇದು ಬಲು ಸಲೀಸು. "ಏನ್ರೀ ಇದು, ಕಣ್ಣು ಕೀಳೋಕೆ ಕೂತಿದ್ದೀರಾ" ಅಂದರೆ ಗಾಜು ಬಹಳ ತಪ್ಪಿದೆ ಎಂದರ್ಥ. ಬರೀ "ಥೂ" ಅಂದರೆ ಸ್ವಲ್ಪ ತಪ್ಪಿದೆ. ಗಿರಾಕಿ ಬಾಯಿ ಮುಚ್ಚಿದನೋ, ನಂಬರ್ ಸರಿಹೋಯಿತು. ಅವಳ ವಿದ್ಯೆಯೆಲ್ಲ ನಿಂತದ್ದು ಆ ಬೈಗುಳದ ಮೇಲೆ.

ಬೆಟ್ಟದ ಮೇಲಿನ ಊರಿನಲ್ಲಿ ಹೊಸ ಅಂಗಡಿ ತೆರೆಯುವಾಗ ಮಾವ ಅವಳನ್ನೇ ಕಳಿಸಿದ. ಕಳಿಸುವಾಗ ಒಂದು ಷರತ್ತು ಹಾಕಿದ.

"ಮಳೆಗಾಲ ಮುಗಿದ ಮೇಲೆ ಬಂದು ನೋಡ್ತೀನಿ. ಅಷ್ಟರೊಳಗೆ ಒಂದೇ ಒಂದು ಕನ್ನಡಕ ಸರಿಯಿಲ್ಲ ಅಂತ ವಾಪಸ್ ಬಂದಿರಬಾರದು. ಬರದಿದ್ರೆ ಅಂಗಡಿ ನಿನ್ನದು, ನಾನು ತಲೆ ಹಾಕಲ್ಲ. ಬಂತೋ, ಗಾಜಿನ ಪೆಟ್ಟಿಗೆ ಎತ್ಕೊಂಡು ಬರ್ತೀನಿ, ನೀನು ಮತ್ತೆ ಹಿಂದಿನ ಕೋಣೆ."

"ನೋಡೇ ಬಿಡೋಣ" ಎಂದಳು ಸಿಡುಕಿ. ಕಿಟಕಿಯಿರುವ ಅಂಗಡಿ, ಅದೂ ತನ್ನದೇ. ಅದಕ್ಕಾಗಿ ಅವಳು ಬೆಟ್ಟವೇನು, ಮೋಡವನ್ನೂ ಹತ್ತುತ್ತಿದ್ದಳು.

ಮೇಲಿನ ಊರಿನಲ್ಲಿ ಬಸ್ಸಿಳಿದ ತಕ್ಷಣ ಯಾರೋ ಒಬ್ಬ ಅವಳ ಚೀಲವನ್ನು ಕೈಯಿಂದ ತೆಗೆದುಕೊಂಡು ನಡೆಯತೊಡಗಿದ. ಸಿಡುಕಿ "ಕಳ್ಳ, ಕಳ್ಳ" ಎಂದು ಕೂಗುತ್ತಾ ಬೀದಿಯುದ್ದಕ್ಕೂ ಅವನ ಹಿಂದೆ ಓಡಿದಳು. ಅವನು ತಿರುಗಿ ನೋಡಿ, ಅವಳು ಏದುಸಿರು ಬಿಡುವುದು ಕಂಡು ತನ್ನ ನಡಿಗೆ ನಿಧಾನ ಮಾಡಿದ. ಅವಳು ಬಾಡಿಗೆಗೆ ಹಿಡಿದಿದ್ದ ಮನೆ ಯಾವುದೆಂದು ಊರಿಗೆಲ್ಲ ಗೊತ್ತಿತ್ತು; ಅದರ ಬಾಗಿಲಲ್ಲಿ ಚೀಲ ಇಳಿಸಿ, "ಭಾರ ಇತ್ತಲ್ಲ, ಅದಕ್ಕೆ. ನಿಮಗೆ ಗಾಬರಿ ಆಯ್ತೇನೋ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ, ಬಂದ ದಾರಿಯಲ್ಲೇ ಪೂರ್ತಿ ಹಿಂದಕ್ಕೆ ಹೋದ. ಅವನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಸಿಡುಕಿ ಚೀಲ ಬಿಚ್ಚಿ ಸಾಮಾನೆಲ್ಲ ಇದೆಯೇ ಎಂದು ನೋಡಿದಳು. ಇತ್ತು. ಅದರಿಂದ ಅವಳ ಅನುಮಾನ ಇನ್ನೂ ಹೆಚ್ಚಾಯಿತು.

ಅವಳ ಕೋಣೆ ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ, ಊರಿಗೆಲ್ಲ ಬಟ್ಟೆ ಹೊಲಿಯುವ ಹೊಲಿಗೆಯಕ್ಕ. ಅವಳ ಗಂಡ, ಊರಿನ ಬಸ್ಸು ಓಡಿಸುವ ಡ್ರೈವರಣ್ಣ. ಇಬ್ಬರೂ ಅವಳನ್ನು ಮೇಡಂ ಅನ್ನುತ್ತಿದ್ದರು, ಬಹುವಚನ ಬಿಟ್ಟು ಮಾತಾಡುತ್ತಿರಲಿಲ್ಲ. ಸಿಡುಕಿ ಬೆಳಗ್ಗೆ ದಡಬಡ ಮೆಟ್ಟಿಲಿಳಿದರೆ "ನಿಧಾನ ಮೇಡಂ, ಬಸ್ಸು ನಿಮಗೆ ಕಾಯುತ್ತೆ" ಎನ್ನುತ್ತಿದ್ದಳು ಅಕ್ಕ. ಬಸ್ಸು ನಿಜವಾಗಿಯೂ ಕಾಯುತ್ತಿತ್ತು. ಒಳಗಿದ್ದವರೂ ಕಾಯುತ್ತಿದ್ದರು, ಅವಳು ಹತ್ತಿದ ಮೇಲೆ "ಬಂದ್ರಾ, ಸಂತೋಷ" ಎನ್ನುತ್ತಿದ್ದರು. ಮೊದಮೊದಲು ಸಿಡುಕಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಕ್ರಮೇಣ ಅಭ್ಯಾಸವಾಯಿತು, ಆಮೇಲೆ ಹಿತವಾಯಿತು. ಮಳೆ ಜೋರಾಗುವ ಹೊತ್ತಿಗೆ ಅವಳೂ ಬೇರೆಯವರಿಗೆ ಕೊಡೆ ಹಿಡಿಯುತ್ತಿದ್ದಳು. ಕೆಳಗಿನ ಪಟ್ಟಣದವರು ಕಂಡಿದ್ದರೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ಅಂಗಡಿಯಂತೂ ಹೂವೆತ್ತಿದಂತೆ ನಡೆಯಿತು. ಬೆಂಚಿನ ತುಂಬ ಜನ. ಯಾರೂ ಗಡಿಯಾರ ನೋಡುವವರಲ್ಲ, ಯಾರೂ ಗೊಣಗುವವರಲ್ಲ.

"ಈ ಗಾಜು ಚೆನ್ನಾಗಿದ್ಯಾ, ಈ ಗಾಜು ಚೆನ್ನಾಗಿದ್ಯಾ?"

"ಎರಡೂ ಚೆನ್ನಾಗಿದೆ ಮೇಡಂ."

"ಎರಡೂ ಹೇಗೆ ಚೆನ್ನಾಗಿರುತ್ತೆ? ಒಂದು ಹೇಳಿ."

"ನಿಮಗೆ ಯಾವುದು ಹತ್ತಿರದಲ್ಲಿದೆಯೋ ಅದನ್ನೇ ಹಾಕಿ. ನೀವು ಮತ್ತೆ ಎದ್ದು ಹುಡುಕೋದು ಬೇಡ."

ಅಕ್ಷರದ ಹಲಗೆಯನ್ನು ಎಲ್ಲರೂ ತಡವರಿಸದೆ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ತನ್ನ ಕೈಗುಣ ಎಂದುಕೊಂಡಳು ಸಿಡುಕಿ. ಬೆಂಚಿನಲ್ಲಿ ಕಾಯುವವರು ತಮಗಿಂತ ಮೊದಲಿನವರು ಓದುವುದನ್ನು ಕೇಳಿಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಯಾರಾದರೂ ಮರೆತರೆ ಹಿಂದಿನಿಂದ ಮೆಲ್ಲಗೆ ಹೇಳಿಕೊಡುತ್ತಿದ್ದರು. ದೂರದಿಂದ ಬಂದ ಹುಡುಗಿ, ಇಷ್ಟು ಶ್ರದ್ಧೆಯಿಂದ ಗಾಜು ಇಳಿಸುತ್ತಾಳೆ, ಕಾಣಿಸುವುದಿಲ್ಲ ಎಂದು ಹೇಳಿ ಅವಳ ಮನಸ್ಸು ನೋಯಿಸುವುದುಂಟೇ? ಹೀಗಾಗಿ ಒಂದು ಕನ್ನಡಕವೂ ವಾಪಸ್ ಬರಲಿಲ್ಲ. ಮಾವ ಫೋನಿನಲ್ಲಿ "ಒಂದೂ ಇಲ್ವಾ" ಎಂದು ನಂಬದೆ ಕೇಳುವಾಗ ಅವಳಿಗೆ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ಆ ಊರಿನ ಒಂದು ಫ್ಯಾಷನ್ ಮಾತ್ರ ಅವಳಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಗಂಡಸರ ಕ್ರಾಪು ಒಂದು ಕಡೆ ಕಿವಿಯ ಮೇಲೆ, ಇನ್ನೊಂದು ಕಡೆ ಕಿವಿಯ ಕೆಳಗೆ. ಹೊಸದಾಗಿ ಬರೆಸಿದ ಅಂಗಡಿ ಬೋರ್ಡುಗಳಲ್ಲಿ ಅಕ್ಷರಗಳು ಇಳಿಜಾರಿನಲ್ಲಿ ಜಾರುತ್ತಿದ್ದವು. ಅಂಗಿಗಳ ಗುಂಡಿ ಒಂದು ತೂತಿನಷ್ಟು ಮೇಲೆ ಕೆಳಗೆ. ಊರಿಗೊಂದು ರುಚಿ, ನಮಗೇಕೆ ಎಂದು ಸುಮ್ಮನಿದ್ದಳು. ಹೊಲಿಗೆಯಕ್ಕ ಅವಳಿಗೆಂದೇ ಒಂದು ಅಂಗಿ ಹೊಲಿದು ಕೊಟ್ಟಾಗ ಬಲತೋಳು ಬೆರಳು ಮುಚ್ಚುವಷ್ಟು ಉದ್ದವಿತ್ತು. "ಹೇಗಿದೆ ಮೇಡಂ?" ಎಂದು ಅಕ್ಕ ಆಸೆಯಿಂದ ಕೇಳಿದಳು. "ತುಂಬಾ ಚೆನ್ನಾಗಿದೆ ಅಕ್ಕ" ಎಂದ ಸಿಡುಕಿ ತೋಳು ಮಡಿಚಿಕೊಂಡು ಓಡಾಡಿದಳು. ಆ ಕ್ರಾಪು ಕತ್ತರಿಸಿದ ಕ್ಷೌರಿಕ, ಬೋರ್ಡು ಬರೆದ ಪೇಂಟರ್, ಗುಂಡಿ ಹೊಲಿದ ಅಕ್ಕ, ಎಲ್ಲರ ಮೂಗಿನ ಮೇಲೂ ಕೂತಿದ್ದದ್ದು ತನ್ನದೇ ಅಂಗಡಿಯ ಕನ್ನಡಕ ಎಂಬುದು ಈ ಚುರುಕು ತಲೆಗೆ ಹೊಳೆಯಲೇ ಇಲ್ಲ ನೋಡಿ.

ಹೊಳೆದದ್ದು ಅಂಚೆ ಡಬ್ಬಿಯಿಂದ.

ಅವತ್ತು ಅವಳು ಬಸ್ಸಿನ ಮುಂದಿನ ಸೀಟಿನಲ್ಲಿದ್ದಳು. ಡ್ರೈವರಣ್ಣ ಅವಳು ಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ಬಲು ಗತ್ತಿನಿಂದ ಓಡಿಸುತ್ತಿದ್ದ. ತಿರುವಿನಲ್ಲಿ ಬಸ್ಸು ನಿಂತಿತು. ಅದು ಸ್ಟಾಪಲ್ಲ. ರಸ್ತೆಯ ಪಕ್ಕದಲ್ಲಿ ಒಂದು ಕೆಂಪು ಅಂಚೆ ಡಬ್ಬಿ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಡ್ರೈವರಣ್ಣ ಬಾಗಿಲ ಕಡೆ ಕತ್ತು ಚಾಚಿ, "ಬನ್ನಿ ತಾಯಿ, ಹತ್ತಿ" ಎಂದ.

ಡಬ್ಬಿ ಹತ್ತಲಿಲ್ಲ.

"ಆತುರ ಏನಿಲ್ಲ, ನಿಧಾನವಾಗಿ ಬನ್ನಿ. ಮೆಟ್ಟಿಲು ಸ್ವಲ್ಪ ಎತ್ತರ."

ಬಸ್ಸಿನೊಳಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರೂ ಕಾದರು. ಬಾಗಿಲ ಬಳಿಯ ಹೆಂಗಸು ಸರಿದು ಕೂತು ಸೀಟಿನಲ್ಲಿ ಜಾಗವನ್ನೂ ಮಾಡಿದಳು. ಬಹಳ ಹೊತ್ತಾದ ಮೇಲೆ ಡ್ರೈವರಣ್ಣ "ಅವರಿಗೆ ಮುಂದಿನ ಬಸ್ಸು ಅನುಕೂಲವೇನೋ" ಎಂದು ತನಗೆ ತಾನೇ ಹೇಳಿಕೊಂಡು, ಡಬ್ಬಿಗೆ ಕೈ ಬೀಸಿ ಹೊರಟ. ಸಿಡುಕಿಗೆ ಮೊದಲು ನಗು ಉಕ್ಕಿತು. ಮುಂದಿನ ತಿರುವಿನಲ್ಲಿ ಬಸ್ಸಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ಉಜ್ಜಿತು, ಪಕ್ಕದಲ್ಲಿ ಪ್ರಪಾತ. ಡ್ರೈವರಣ್ಣನ ಮೂಗಿನ ಮೇಲಿನ ಕನ್ನಡಕವನ್ನು ಅವಳು ಆಗ ನೋಡಿದಳು, ನಿಜವಾಗಿ ನೋಡಿದಳು.

ಮರುದಿನ ಅವಳು ಬಸ್ಸು ಹತ್ತಲಿಲ್ಲ. ಗೋಡೆಯೊಂದರ ಹಿಂದೆ ಅಡಗಿ ನಿಂತಳು. ಬಸ್ಸು ದಾರ ಹಿಡಿದಷ್ಟು ನೇರವಾಗಿ ಬಂತು, ಅಂಚೆ ಡಬ್ಬಿಯತ್ತ ತಿರುಗಿಯೂ ನೋಡದೆ ಹೋಯಿತು. ಡ್ರೈವರಣ್ಣನ ಕನ್ನಡಕ ಹಣೆಯ ಮೇಲಿತ್ತು. ಅವನಿಗೆ ರಸ್ತೆ ಎಂದೂ ಮಂಕಾಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಪೇಪರ್ ಓದಲು ಒಂದು ಗಾಜು. ಅದನ್ನು ಬಾಯಿಬಿಟ್ಟು ಹೇಳದೆ, ಅವಳು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು, ಅವಳು ಬಸ್ಸಿನಲ್ಲಿದ್ದಾಗಲೆಲ್ಲ ಅವಳ ಸಂತೋಷಕ್ಕಾಗಿ ಹಾಕಿಕೊಳ್ಳುತ್ತಿದ್ದ.

ಸಿಡುಕಿ ಸದ್ದಿಲ್ಲದೆ ಮನೆಗೆ ಬಂದು ಕಿಟಕಿಯಿಂದ ಇಣುಕಿದಳು. ಹೊಲಿಗೆಯಕ್ಕ ಬರಿಗಣ್ಣಿನಲ್ಲಿ, ಸೂಜಿಯನ್ನು ಮಾರುದೂರ ಹಿಡಿದು, ದಾರ ಪೋಣಿಸಲು ಒದ್ದಾಡುತ್ತಿದ್ದಳು. ಕನ್ನಡಕ ಗುಂಡಿಗಳ ಡಬ್ಬಿಯಲ್ಲಿತ್ತು. ಸಿಡುಕಿ ಬೇಕೆಂದೇ ಕೆಮ್ಮಿದಳು. ಅಕ್ಕ ಗಡಬಡಿಸಿ ಕನ್ನಡಕ ತೆಗೆದು ಹಾಕಿಕೊಂಡಳು, ತಲೆಕೆಳಗಾಗಿ.

"ಇವತ್ತು ಬೇಗ ಬಂದ್ರಾ ಮೇಡಂ" ಎಂದಳು, ಬಾಗಿಲ ಪಕ್ಕದ ಕಂಬದ ಕಡೆ ನಗುತ್ತಾ.

ಸಿಡುಕಿ ಆ ವಾರವೆಲ್ಲ ಊರಿನವರನ್ನು ಒಬ್ಬೊಬ್ಬರನ್ನೇ ಕರೆದು ಮತ್ತೆ ಪರೀಕ್ಷೆ ಮಾಡಿದಳು. "ನಿಜ ಹೇಳಿ" ಎಂದು ಅಂಗಲಾಚಿದಳು. ತುಂಬಾ ಚೆನ್ನಾಗಿ ಕಾಣುತ್ತೆ ಎಂದರು. "ಹಾಗಾದ್ರೆ ಕೆಟ್ಟದ್ದು ಯಾವುದು, ಅದನ್ನಾದ್ರೂ ಹೇಳಿ" ಎಂದು ದಾರಿ ಬದಲಿಸಿದಳು. ಪೇಂಟರ್ ಬಹಳ ಯೋಚಿಸಿ, "ಕೆಟ್ಟದ್ದು ಅಂತ ಯಾವುದೂ ಇಲ್ಲ ಮೇಡಂ, ಕೆಲವು ಗಾಜಿಗೆ ನಾನು ಇನ್ನೂ ಅಭ್ಯಾಸ ಆಗಿಲ್ಲ" ಎಂದ. ಕೊನೆಗೆ ಅವಳ ತಾಳ್ಮೆ ಕೆಟ್ಟಿತು. ಕೆಳಗಿನ ಪಟ್ಟಣದ ಗಂಟಲು ತೆರೆದು ಬೆಂಚಿಗೆ ಬೆಂಚನ್ನೇ ಜಾಡಿಸಿದಳು: ಬಾಯಲ್ಲಿ ಕಡುಬು ತುರುಕಿಕೊಂಡಿದ್ದೀರಾ, ಮನುಷ್ಯರಾ ಮರಗಳಾ, ಕಾಣಿಸಲ್ಲ ಅಂತ ಹೇಳೋಕೆ ಏನು ರೋಗ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಸುಸ್ತಾಗಿದ್ದಾರೆ, ಮನೆಯ ನೆನಪಾಗಿರಬೇಕು ಎಂದು ಮೆಲ್ಲಗೆ ಎದ್ದು ಹೋದರು. ಸಂಜೆಯೊಳಗೆ ಅವಳ ಕೋಣೆಯ ಬಾಗಿಲಲ್ಲಿ ಬಿಸಿ ಹಾಲು, ಹಣ್ಣು, ಯಾರದೋ ಮನೆಯ ಮೆತ್ತನೆಯ ದಿಂಬು ಬಂದು ಕೂತಿದ್ದವು. ಇಂಥವರ ಜೊತೆ ಜಗಳ ಕಾಯುವುದಾದರೂ ಹೇಗೆ, ನೀವೇ ಹೇಳಿ.

ಅವಳು ಆ ದಿಂಬಿನ ಮೇಲೆ ತಲೆಯಿಟ್ಟು ಯೋಚಿಸುತ್ತಿದ್ದಾಗ ಕೆಳಗಿನಿಂದ ಹೊಲಿಗೆಯಕ್ಕನ ದನಿ ಬಂತು. ಅವಳೆಂದೂ ಕೇಳದಿದ್ದ ದನಿ.

"ರೀ, ಒದ್ದೆ ಕೊಡೆ ತಂದು ನಾನು ಕತ್ತರಿಸಿಟ್ಟ ಬಟ್ಟೆ ಮೇಲೆ ಇಟ್ಟಿದ್ದೀರಲ್ಲ, ನಿಮಗೆ ಬುದ್ಧಿ ಯಾವಾಗ ಬರೋದು? ನಾನು ಸತ್ತ ಮೇಲಾ?"

"ಇಡೋಕೆ ಜಾಗ ಎಲ್ಲಿದೆ? ಮನೆ ತುಂಬಾ ನಿನ್ನ ಚಿಂದಿ" ಎಂದ ಡ್ರೈವರಣ್ಣ, ಅಷ್ಟೇ ಜೋರಾಗಿ.

ಸಿಡುಕಿ ಎದ್ದು ಕೂತಳು. ಇವರಿಗೆ ಬೈಯಲು ಬರುತ್ತದೆ. ಸೊಗಸಾಗಿ ಬರುತ್ತದೆ. ತಮ್ಮವರಿಗೆ ಬೈಯುತ್ತಾರೆ. ತನಗೆ ಬೈದಿಲ್ಲ, ಅಷ್ಟೆ. ತಾನು ಹೊರಗಿನವಳು, ಅಂದು ಚೀಲ ಹೊತ್ತು ತಂದು ಬಾಗಿಲಲ್ಲಿಟ್ಟರಲ್ಲ, ಅಂದಿನಿಂದ ಇಂದಿನವರೆಗೂ ತಾನು ಬಾಗಿಲಲ್ಲೇ ಇದ್ದೇನೆ. ಊರೆಲ್ಲ ತನ್ನನ್ನು ಇಷ್ಟಪಡುತ್ತದೆ ಎಂದು ಬೀಗಿದ್ದಳು. ಊರು ತನ್ನನ್ನು ಸಹಿಸಿಕೊಂಡಿತ್ತು. ಅವಳಿಗೆ ಅಳು ಬಂತು, ಅತ್ತಳು.

ಮಳೆ ನಿಂತಿತು, ಮಾವ ಬಂದ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅವನ ಚೀಲ ಹೊತ್ತರು, ಯಾರೋ ಕೊಡೆ ಹಿಡಿದರು, ಬಿಸಿಲಿದ್ದರೂ. ಅಂಗಡಿಯಲ್ಲಿ ಕುರ್ಚಿ ಎಳೆದು ಕೂತ ಮಾವ ಬೆಂಚಿನವರನ್ನು ಒಬ್ಬೊಬ್ಬರನ್ನೇ ಗದರಿಸಿ ಕೇಳಿದ.

"ರೀ, ನಿಮ್ಮ ಕನ್ನಡಕ ಹೇಗಿದೆ? ಮುಲಾಜಿಲ್ಲದೆ ಹೇಳಿ."

"ಬಹಳ ಚೆನ್ನಾಗಿದೆ ಸ್ವಾಮಿ."

"ನಿಮ್ಮದು?"

"ಈ ಥರ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ" ಎಂದ ಕ್ಷೌರಿಕ. ಅದು ಒಂದು ರೀತಿಯಲ್ಲಿ ನಿಜವೇ.

ಹೊಲಿಗೆಯಕ್ಕ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿ ಬಂದಿದ್ದಳು, ಮೇಡಂ ಪರವಾಗಿ ಒಂದು ಮಾತು ಹೇಳಲು. "ನಮ್ಮ ಮೇಡಂ ಕೈಗುಣ ದೊಡ್ಡದು ಸ್ವಾಮಿ" ಎಂದಳು. ಮಾವನ ಮುಖ ಅರಳಿತು. "ಭೇಷ್ ಕಣೇ ಸಿಡುಕಿ. ಇಷ್ಟು ವರ್ಷದಲ್ಲಿ ನನಗೇ ಇದು ಆಗಿರಲಿಲ್ಲ. ಅಂಗಡಿ ನಿನ್ನದು" ಎಂದ.

ಅದೇ ಮಾತು. ಅದಕ್ಕಾಗಿಯೇ ಬೆಟ್ಟ ಹತ್ತಿದ್ದಳು. ತಲೆಯಾಡಿಸಿ ಸುಮ್ಮನಿದ್ದರೆ ಆಗಿತ್ತು. ಆಗಲೇ ಡ್ರೈವರಣ್ಣ ಒಳಗೆ ಬಂದ. ಕನ್ನಡಕ ಮೂಗಿನ ಮೇಲಿತ್ತು, ಅದನ್ನು ಒರೆಸಿ ಫಳಫಳ ಮಾಡಿಕೊಂಡಿದ್ದ. ಸೊಂಟ ಬಗ್ಗಿಸಿ ಕೈಮುಗಿದು ಹೇಳಿದ:

"ಯಜಮಾನ್ರೆ, ಮಧ್ಯಾಹ್ನದ ಬಸ್ಸಿಗೆ ನಿಮಗೆ ಮುಂದಿನ ಸೀಟು ಇಟ್ಟಿದ್ದೀನಿ. ನಿಮ್ಮ ಅಂಗಡಿ ಕನ್ನಡಕ ಹಾಕ್ಕೊಂಡೇ ಓಡಿಸ್ತೀನಿ, ಪಟ್ಟಣ ಮುಟ್ಟೋವರೆಗೂ ತೆಗೆಯಲ್ಲ."

ಇಷ್ಟನ್ನೂ ಅವನು ಹೇಳಿದ್ದು ಗೋಡೆಯ ನಿಲುವುಗನ್ನಡಿಗೆ. ಮಾವ ಕೂತಿದ್ದದ್ದು ಈಚೆ ಕಡೆ.

ಸಿಡುಕಿಗೆ ಇಳಿಜಾರಿನ ತಿರುವುಗಳೆಲ್ಲ ಕಣ್ಣ ಮುಂದೆ ಬಂದವು. ಬಸ್ಸಿನ ತುಂಬ ಜನ, ಯಾರೂ ಬಾಯಿ ಬಿಡದ ಜನ. "ಅಣ್ಣ, ಇವತ್ತು ಕನ್ನಡಕ ಬೇಡ, ತೆಗೀರಿ" ಎಂದಳು.

"ಉಂಟೇ ಮೇಡಂ? ನಿಮ್ಮ ಮಾವನವರ ಎದುರಿಗೆ?"

"ಮಾವ, ಇವರಿಗೆ ಕಾಣಿಸಲ್ಲ. ಯಾರಿಗೂ ಕಾಣಿಸಲ್ಲ. ನಾನು ಹಾಕಿದ ನಂಬರ್ ಒಂದೂ ಸರಿಯಿಲ್ಲ."

ಮಾವ ಹೊಟ್ಟೆ ಕುಣಿಸಿ ನಕ್ಕ. "ಎಷ್ಟು ವಿನಯ ನೋಡಿ ನಮ್ಮ ಮೇಡಮ್ಮಿಗೆ" ಎಂದು ಬೆಂಚಿನವರು ಮೆಚ್ಚಿಕೊಂಡರು. ನಿಜ ಹೇಳಿದರೂ ನಂಬುವವರಿಲ್ಲ. ಈ ಊರಿನಲ್ಲಿ ಯಾರಾದರೊಬ್ಬರು ಮೊದಲು ಒಂದು ಒರಟು ಮಾತು ಆಡಬೇಕಿತ್ತು, ಆಡಿದ್ದು ನಾಟಬೇಕಿತ್ತು. ಅವಳು ಹೊಲಿಗೆಯಕ್ಕನ ಎದುರು ಬಂದು ನಿಂತು ಮಡಿಚಿದ್ದ ಬಲತೋಳನ್ನು ಬಿಚ್ಚಿದಳು. ತೋಳು ಬೆರಳಿನ ತುದಿ ದಾಟಿ ಜೋತುಬಿತ್ತು.

"ಅಕ್ಕ, ಈ ಅಂಗಿ ಚೆನ್ನಾಗಿಲ್ಲ."

ಬೆಂಚಿನವರೆಲ್ಲ ಒಮ್ಮೆಗೇ ಅವಳ ಕಡೆ ತಿರುಗಿದರು.

"ಅವತ್ತು ನಿಮ್ಮ ಮನಸ್ಸು ನೋಯುತ್ತೆ ಅಂತ ಸುಳ್ಳು ಹೇಳಿದೆ. ಒಂದು ತೋಳು ಉದ್ದ, ಗುಂಡಿ ಡೊಂಕು, ಕಾಲರ್ ಕಿವಿಗೆ ಬರುತ್ತೆ. ಊರಲ್ಲಿ ಯಾರ ಮೈಮೇಲೂ ನೆಟ್ಟಗಿರೋ ಬಟ್ಟೆ ಇಲ್ಲ. ನಿಮಗೆ ಹೊಲಿಯೋಕೆ ಬರುತ್ತಾ?"

ಅಕ್ಕನ ಮುಖದಿಂದ ನಗು ಹೋಯಿತು. ತುಟಿ ಅದುರಿತು. ಅಯ್ಯೋ, ಅತ್ತುಬಿಡುತ್ತಾಳೆ, ನಾನು ಎಂಥ ಪಾಪಿ ಎಂದುಕೊಂಡಳು ಸಿಡುಕಿ. ಆದರೆ ಹೊಲಿಗೆಯಕ್ಕ ಕೊರಳಿನ ಟೇಪು ಎಳೆದು ನೆಲಕ್ಕೆ ಬಿಸಾಡಿದಳು.

"ಹೊಲಿಯೋಕೆ ಬರುತ್ತಾ? ನನ್ನನ್ನ ಕೇಳ್ತೀಯಾ? ಈ ಊರಿನ ಮೂರು ತಲೆಮಾರಿಗೆ ಬಟ್ಟೆ ಹೊಲಿದ ಕೈ ಇದು. ಗುಂಡಿ ಡೊಂಕಾಗದೆ ಇನ್ನೇನಾಗುತ್ತೆ? ನೀನು ಕೊಟ್ಟ ಕನ್ನಡಕ ಹಾಕ್ಕೊಂಡ್ರೆ ಒಂದು ಗುಂಡಿ ಎರಡಾಗುತ್ತೆ, ಸೂಜಿ ಮಾಯ ಆಗುತ್ತೆ. ನನ್ನ ಬೆರಳು ನೋಡು, ಚುಚ್ಚಿಕೊಂಡು ಚುಚ್ಚಿಕೊಂಡು ಜರಡಿ ಆಗಿದೆ. ತಲೆನೋವು ಅಂದ್ರೆ ಎಂಥ ತಲೆನೋವು. ನೀನು ಹಾಕಿದ್ದು ಗಾಜಾ ಇಲ್ಲ ಬಾಟಲಿ ತಳವಾ? ದೂರದಿಂದ ಬಂದವಳು, ಹೋಗ್ಲಿ ಪಾಪ ಅಂತ ಬಾಯಿ ಕಟ್ಕೊಂಡು ಕೂತ್ರೆ, ನನ್ನ ಹೊಲಿಗೆಗೇ ಬಂದ್ಯಾ?"

"ಇನ್ನೂ ಹೇಳಿ" ಎಂದಳು ಸಿಡುಕಿ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

"ಹೇಳ್ತೀನಿ, ನಿನ್ನ ಹೆದರಿಕೆ ನನಗಿಲ್ಲ. ರೀ, ನೀವೇನು ಗೊಂಬೆ ಹಾಗೆ ನಿಂತಿದ್ದೀರಿ? ಕನ್ನಡಿಗೆ ಕೈಮುಗಿದದ್ದು ಸಾಕು, ನಿಮ್ಮ ಕಥೆ ಹೇಳಿ."

ಡ್ರೈವರಣ್ಣ ಕನ್ನಡಕ ತೆಗೆದ. ಕಣ್ಣು ಉಜ್ಜಿಕೊಂಡ. ಮಾವ ಈಚೆ ಕಡೆ ಇರುವುದು ಅವನಿಗೆ ಆಗ ಕಂಡಿತು. "ನೋಡಮ್ಮ" ಎಂದ ಸಿಡುಕಿಗೆ, ಮೇಡಂ ಎನ್ನುವುದನ್ನು ಬಿಟ್ಟು. "ಅವತ್ತೊಂದಿನ ನೀನು ಬಸ್ಸಲ್ಲಿ ಇದ್ದೆ. ಹಳ್ಳದ ಮೇಲೆ ಎರಡು ಸೇತುವೆ ಕಾಣ್ತು. ಇರೋದು ಒಂದೇ. ಯಾವುದರ ಮೇಲೆ ಹೋಗಲಿ ಅಂತ ನನ್ನ ಜೀವ ಬಾಯಿಗೆ ಬಂತು. ನನಗೆ ಪೇಪರ್ ಓದೋಕೆ ಒಂದು ಗಾಜು ಕೊಟ್ಟಿದ್ರೆ ಸಾಕಾಗಿತ್ತಲ್ಲೇ."

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು. ಕ್ಷೌರಿಕ ತಾನು ಗಿರಾಕಿಯ ಕಿವಿ ಮುಟ್ಟಿಮುಟ್ಟಿ ನೋಡಿ ಕತ್ತರಿ ಹಿಡಿಯುವ ಕಷ್ಟ ಹೇಳಿ ಬೈದ. ಕಿವಿ ಕುಯ್ಯಿಸಿಕೊಂಡ ಗಿರಾಕಿ ಕ್ಷೌರಿಕನಿಗೂ ಸೇರಿಸಿ ಬೈದ. ಪೇಂಟರ್ ಮೂರು ಬೋರ್ಡು ಹಾಳಾದ ಲೆಕ್ಕ ತೆಗೆದ. ಬೀದಿಯಲ್ಲಿ ಹೋಗುತ್ತಿದ್ದವರೂ ಸದ್ದು ಕೇಳಿ ಬಂದು ಜೇಬಿನಿಂದ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಮೇಜಿನ ಮೇಲೆ ಕನ್ನಡಕಗಳ ರಾಶಿ ಬಿತ್ತು. ಆ ಗದ್ದಲದ ನಡುವೆ ಸಿಡುಕಿ ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, "ಯಾವ ಕಡೆ ಮಂಕು? ದೂರಾನಾ ಹತ್ತಿರಾನಾ?" ಎಂದು ಕೇಳುತ್ತಿದ್ದಳು. ಅಷ್ಟು ನಿರಾಳ ಅವಳಿಗೆ ಎಂದೂ ಆಗಿರಲಿಲ್ಲ.

ಮಾವ ಎದ್ದ. ಮುಖ ಕೆಂಡವಾಗಿತ್ತು.

"ಒಂದೂ ವಾಪಸ್ ಬರಬಾರದು ಅಂದಿದ್ದೆ. ಊರಿಗೆ ಊರೇ ವಾಪಸ್ ತಂದಿದೆ. ನನ್ನ ಹೆಸರು ಮಣ್ಣುಪಾಲು ಮಾಡಿದೆ. ಕಟ್ಟು ಗಂಟುಮೂಟೆ." ಹೀಗೆಂದು ಅವನೇ ಹೋಗಿ ಗಾಜಿನ ಪೆಟ್ಟಿಗೆ ಮುಚ್ಚಿ, ಕಂಕುಳಲ್ಲಿ ಇರುಕಿಕೊಂಡ. ಆ ಪೆಟ್ಟಿಗೆಯಿಲ್ಲದೆ ಅಂಗಡಿ ಬರೀ ನಾಲ್ಕು ಗೋಡೆ. ಷರತ್ತಿಗೆ ಒಪ್ಪಿದವಳು ಸಿಡುಕಿಯೇ, ಅದನ್ನು ಮುರಿಸಿದವಳೂ ಅವಳೇ.

ಗದ್ದಲ ಫಕ್ಕನೆ ನಿಂತಿತು. ಹೊಲಿಗೆಯಕ್ಕ ತಲೆಗೂದಲು ಸರಿಮಾಡಿಕೊಂಡಳು. ಅವಳ ದನಿ ಮತ್ತೆ ಜೇನಾಯಿತು.

"ಸ್ವಾಮಿ, ಹೊರಟ್ರಾ? ದಣಿದಿದ್ದೀರಿ, ನೀರು ಕುಡಿದು ಹೋಗಿ. ಅಯ್ಯೋ, ಅಷ್ಟು ಭಾರದ ಪೆಟ್ಟಿಗೆ ನೀವು ಹೊರೋದುಂಟೇ? ನಾವೆಲ್ಲ ಯಾಕಿದ್ದೀವಿ?"

ಮಾವ ಬೇಡ ಬೇಡ ಎನ್ನುವಷ್ಟರಲ್ಲಿ ಕ್ಷೌರಿಕ ಅವನ ಕಂಕುಳಿನಿಂದ ಪೆಟ್ಟಿಗೆಯನ್ನು ಹೂವಿನಂತೆ ಬಿಡಿಸಿಕೊಂಡ. ಪೇಂಟರ್ ಚೀಲ ಎತ್ತಿಕೊಂಡ. ಯಾರೋ ಕೊಡೆ ಬಿಚ್ಚಿದರು. "ಮೆಟ್ಟಿಲು ಜೋಪಾನ ಸ್ವಾಮಿ", "ಬಿಸಿಲು ಜಾಸ್ತಿ, ಈ ಕಡೆ ಬನ್ನಿ ಸ್ವಾಮಿ", "ಮತ್ತೆ ಯಾವಾಗ ದರ್ಶನ ಸ್ವಾಮಿ" ಎನ್ನುತ್ತಾ ಇಡೀ ಬೆಂಚು ಅವನನ್ನು ಸುತ್ತುವರಿದು ಬಸ್ಸಿನ ಕಡೆ ನಡೆಸಿಕೊಂಡು ಹೋಯಿತು. ಚೀಲ ಬಸ್ಸಿನ ಕಡೆ ಹೋಯಿತು. ಪೆಟ್ಟಿಗೆ ಹಿಂದಿನ ಬಾಗಿಲಿನಿಂದ ಅಂಗಡಿಗೇ ಹೋಯಿತು. ಹುಟ್ಟಿದಾಗಿನಿಂದ ಯಾರಿಂದಲೂ ಇಷ್ಟು ಮರ್ಯಾದೆ ಕಾಣದ ಮಾವ ತೇಲುತ್ತಾ ಹೋಗಿ ಮುಂದಿನ ಸೀಟಿನಲ್ಲಿ ಕೂತ. ಕೂತ ಮೇಲೆ ನೆನಪಾಯಿತು.

"ನನ್ನ ಪೆಟ್ಟಿಗೆ?"

"ಭದ್ರವಾಗಿದೆ ಸ್ವಾಮಿ" ಎಂದ ಡ್ರೈವರಣ್ಣ, ಬರಿಗಣ್ಣಿನಲ್ಲಿ ಅವನನ್ನು ನೇರವಾಗಿ ನೋಡುತ್ತಾ. "ಅದರ ಯೋಚನೆ ನಿಮಗೆ ಬೇಡವೇ ಬೇಡ. ಇನ್ನು ಮುಂದಕ್ಕೂ ಬೇಡ."

ಯಾರಾದರೂ ದನಿ ಎತ್ತಿದ್ದರೆ ಮಾವ ಹತ್ತರಷ್ಟು ಎತ್ತುತ್ತಿದ್ದ. ನಗುತ್ತಾ ಕೈಮುಗಿದು ನಿಂತವರ ಮೇಲೆ ಎಗರುವುದು ಅವನು ಕಲಿತ ವಿದ್ಯೆಯಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಸಿಡುಕಿಯನ್ನು ಹತ್ತಿರ ಕರೆದ.

"ನೋಡು, ನನ್ನ ಹತ್ತಿರ ಒಬ್ಬರಾದ್ರೂ ದನಿ ಎತ್ತಿ ಒಂದು ಮಾತಾಡಿದ್ರಾ? ಎಂಥಾ ಜನ. ನಿನಗೆ ಮಾತ್ರ ಬೀದಿಗೆ ಬೀದಿಯೇ ಸೇರಿ ಉಗೀತು. ನನಗೆ ಇಷ್ಟು ಮರ್ಯಾದೆ, ನಿನಗೆ ಯಾಕೆ ಹಾಗೆ?"

"ನೀವು ಹೋಗೋರು ಮಾವ" ಎಂದಳು ಸಿಡುಕಿ. "ನಾನು ಇರೋಳು."

ಬಸ್ಸು ಹೊರಟಿತು. ಧೂಳು ಇಳಿಯುವ ಮೊದಲೇ ಅಂಗಡಿಯ ಬಾಗಿಲಿನಿಂದ ಹೊಲಿಗೆಯಕ್ಕನ ಗಂಟಲು ಕೇಳಿಸಿತು.

"ಏ, ಅಲ್ಲೇ ಬೇರು ಬಿಟ್ಯಾ? ಬೆಂಚಿನ ತುಂಬಾ ಜನ ಕೂತಿದ್ದಾರೆ, ಬಾರೇ ಬೇಗ."

"ಬಂದೆ ಇರಕ್ಕ, ನನಗೇನು ನಾಲ್ಕು ಕಾಲಿದ್ಯಾ" ಎಂದು ಅಷ್ಟೇ ಜೋರಾಗಿ ಕೂಗಿ, ಉದ್ದನೆಯ ತೋಳು ಬೀಸಿಕೊಂಡು ಸಿಡುಕಿ ಅಂಗಡಿಯ ಕಡೆ ಓಡಿದಳು.